ನೆಲಕ್ಕೆ ಬೆಲೆ ಬಂದಾಗ



ಮಹಾನಗರದಲ್ಲಿ ದಲಿತರಿಗೆ ಮನೆ ಸಿಗುವುದು, ಸಿಕ್ಕ ಮನೆ ಉಳಿಯುವುದು ಇವತ್ತಿನ ವಿಷಯ. ಬೆಂಗಳೂರಿನ ಗೋಳನ್ನು ಬೆಂಗಳೂರಿನವರೇ ಮಾತಾಡಿಕೊಳ್ಳಲಿ, ಬಯಲುಸೀಮೆಯ ಅಂಚಿನ ಈ ಊರಿಗೆ ಯಾಕೆ ಹೊತ್ತು ತಂದಿರಿ ಎಂದು ಯಾರಾದರೂ ಕೇಳಬಹುದು. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ರೈಲು ತರೀಕೆರೆ, ಬೀರೂರು, ಕಡೂರುಗಳ ಮೇಲೆಯೇ ಹಾಯುತ್ತದೆ. ಹುಬ್ಬಳ್ಳಿಯ ಹಳಿ ಅಜ್ಜಂಪುರ ಮುಟ್ಟಿ ಬೀರೂರಿಗೆ ಬರುತ್ತದೆ. ನಮ್ಮ ಕಾಲೊನಿಗಳ, ತಾಂಡಾಗಳ ಹುಡುಗರು ಡಿಗ್ರಿಯ ಅಂಕಪಟ್ಟಿ ಹಿಡಿದು ಹತ್ತುವುದು ಈ ರೈಲಿನ ಜನರಲ್ ಬೋಗಿಗೇ. ಇಳಿದ ಮೇಲೆ ಅವರು ಮೊದಲು ಹುಡುಕುವುದು ಕೆಲಸ, ಆಮೇಲೆ ಮನೆ. ಕೆಲಸ ಹೇಗೋ ಸಿಗುತ್ತದೆ. ಮನೆಯ ಕಥೆ ಬೇರೆ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಜಾತಿ ಮೊದಲು ನೆಲದ ಕಾಗದ ಕೈಗೆ ಸಿಗದಂತೆ ಮಾಡುತ್ತದೆ. ಎಷ್ಟೋ ವರ್ಷಗಳಾದ ಮೇಲೆ ಆ ನೆಲಕ್ಕೆ ಬೆಲೆ ಬರುತ್ತದೆ, ಬಂದ ಬೆಲೆ ಕಾಗದ ಇಲ್ಲದವರನ್ನು ಎಬ್ಬಿಸುತ್ತದೆ. ಎರಡನೆಯದನ್ನು ಮಾತ್ರ ಕಣ್ಣಾರೆ ಕಂಡವರು “ಇದು ಮಾರ್ಕೆಟ್ ಸ್ವಾಮಿ, ಇದರಲ್ಲಿ ಜಾತಿ ಎಲ್ಲಿ ಬಂತು?” ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಕಥೆಯ ಮೊದಲರ್ಧ ಕೇಳಿಲ್ಲ ಅಷ್ಟೆ.

ಇದೇ ಕಥೆ ಅಮೆರಿಕದ ಕಪ್ಪು ಜನರದ್ದೂ ಹೌದು. ಇಪ್ಪತ್ತನೇ ಶತಮಾನದ ಮೊದಲ ಏಳು ದಶಕಗಳಲ್ಲಿ ಸುಮಾರು ಅರವತ್ತು ಲಕ್ಷ ಕಪ್ಪು ಜನ ದಕ್ಷಿಣದ ಹತ್ತಿಹೊಲಗಳನ್ನು ಬಿಟ್ಟು ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್, ವಾಷಿಂಗ್ಟನ್‌ಗಳಿಗೆ ಹೋದರು. 1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ನಗರಗಳ ನಕ್ಷೆ ಬರೆಸಿ, ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತು. ಇಲ್ಲಿ ಸಾಲ ಕೊಟ್ಟರೆ ಅಪಾಯ ಎಂದು ಆ ಕೆಂಪಿನ ಅರ್ಥ. ಸಾಲವಿಲ್ಲದೆ ಮನೆ ಕೊಳ್ಳಲಾಗಲಿಲ್ಲ, ಇದ್ದ ಮನೆ ರಿಪೇರಿಯಾಗಲಿಲ್ಲ. ಕೇರಿ ಹಳತಾಯಿತು, ಅಗ್ಗವಾಯಿತು. ಮನೆಯ ವಿಚಾರದಲ್ಲಿ ಬಣ್ಣ ನೋಡಬಾರದೆಂಬ ಕಾನೂನು ಬಂದದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಒಂದು ವಾರಕ್ಕೆ. ಆಮೇಲೆ ಆ ಅಗ್ಗದ ಕೇರಿಗಳೇ ಊರ ನಡುವಿನ ಒಳ್ಳೆಯ ಜಾಗಗಳೆಂದು ಉಳ್ಳವರ ಕಣ್ಣಿಗೆ ಬಿದ್ದವು. ಕಾಫಿ ಅಂಗಡಿ ಬಂತು, ಬಾಡಿಗೆ ಏರಿತು, ಹಳಬರು ಹೊರಟರು. ರಾಜಧಾನಿ ವಾಷಿಂಗ್ಟನ್‌ನಲ್ಲಿ 1970ರಲ್ಲಿ ನೂರಕ್ಕೆ 71 ಮಂದಿ ಕಪ್ಪು ಜನ; 2011ರ ಹೊತ್ತಿಗೆ ಅವರು ಅರ್ಧಕ್ಕಿಂತ ಕೆಳಗಿಳಿದಿದ್ದರು.

ಈ ಹೋಲಿಕೆಯನ್ನು ನಾನು ಇವತ್ತು ಎಲ್ಲಿಂದಲೋ ಎತ್ತಿ ತಂದದ್ದಲ್ಲ. 1972ರಲ್ಲಿ ಮುಂಬೈಯ ಯುವಕರು ಅಮೆರಿಕದ ಕಪ್ಪು ಜನರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ಸ್‌ನ ಹೆಸರನ್ನೇ ಎತ್ತಿಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಅದೇ ದಶಕದಲ್ಲಿ ತರೀಕೆರೆಯ ಪಕ್ಕದ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಬೆಳೆಸಿದರು. ಆದರೂ ಒಂದು ವ್ಯತ್ಯಾಸ ಮರೆಯಬಾರದು. ಅಲ್ಲಿ ಬಣ್ಣ ಮುಖದ ಮೇಲೆಯೇ ಇದೆ. ಇಲ್ಲಿ ಕೇಳಿ ತಿಳಿಯಬೇಕು. ಹಾಗಾಗಿ ನಮ್ಮಲ್ಲಿ ನಕ್ಷೆಯ ಕೆಂಪು ಬಣ್ಣದ ಕೆಲಸವನ್ನು ಮನೆ ಮಾಲೀಕರ ಪ್ರಶ್ನೆಗಳು ಮಾಡುತ್ತವೆ.

ಆ ಪ್ರಶ್ನೆಗಳು ನಿಮಗೆ ಗೊತ್ತಿರುವವೇ. “ಯಾವ ಕಡೆಯವರಪ್ಪ?” ಕಡೂರು ಕಡೆ ಸರ್. “ಓ, ಒಳ್ಳೆ ಊರು. ಅಪ್ಪ ಏನ್ಮಾಡ್ತಾರೆ? ತೋಟ ಇದೆಯಾ?” ಇಲ್ಲ ಸರ್, ಕೂಲಿ. “ನಾನ್‌ವೆಜ್ ಮಾಡ್ತೀರಾ?” ಇಷ್ಟಾದ ಮೇಲೆ ಮನೆ ಖಾಲಿ ಇದ್ದರೂ ಇರುವುದಿಲ್ಲ. ಊರಿಂದ ನೆಂಟರು ಬರುತ್ತಿದ್ದಾರಂತೆ, ಸುಣ್ಣ ಬಣ್ಣ ಮಾಡಿಸಬೇಕಂತೆ. ಜಾತಿಯ ಹೆಸರನ್ನು ಯಾರೂ ಎತ್ತಿರುವುದಿಲ್ಲ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಿನಲ್ಲಿ ಇದನ್ನು ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಒಂದೇ ಥರದ ಬಾಡಿಗೆದಾರರಂತೆ, ಬೇರೆ ಬೇರೆ ಜಾತಿ ಧರ್ಮದ ಹೆಸರಿನಲ್ಲಿ ಫೋನ್ ಮಾಡಿಸಿದ್ದರು. ಮೇಲ್ಜಾತಿಯ ಹೆಸರಿಗೆ ಫೋನಿನಲ್ಲಿ ಒಂದೂ ‘ಇಲ್ಲ’ ಸಿಗಲಿಲ್ಲ. ದಲಿತ ಹೆಸರಿಗೆ ನೂರಕ್ಕೆ 18, ಮುಸ್ಲಿಂ ಹೆಸರಿಗೆ 31 ಕಡೆ ನೇರವಾಗಿ ಇಲ್ಲ ಎಂದರು. ಇನ್ನೂ ಕೆಲವರು ಬಾಡಿಗೆ ಏರಿಸಿ, ಷರತ್ತು ಹಾಕಿ ಕೊಡುತ್ತೇವೆಂದರು.

ಈ ಕೊನೆಯ ಮಾತಿನ ಕಡೆ ಸ್ವಲ್ಪ ಗಮನ ಕೊಡಿ. ‘ಇಲ್ಲ’ ಎಂದವರ ಲೆಕ್ಕದಷ್ಟು ‘ಕೊಡುತ್ತೇನೆ, ಆದರೆ ಇಷ್ಟಾಗುತ್ತದೆ’ ಎಂದವರ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ. ಹತ್ತು ಬಾಗಿಲು ಮುಚ್ಚಿಸಿಕೊಂಡವನು ಹನ್ನೊಂದನೆಯದಕ್ಕೆ ಕೇಳಿದಷ್ಟು ಕೊಡುತ್ತಾನೆ. ಅದರ ಮೇಲೆ ಬೆಂಗಳೂರಿನ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಎಣಿಸಿಕೊಡುವ ಪದ್ಧತಿ ಅಲ್ಲಿ ಬೇರೂರಿದೆ. ಹತ್ತು ಸಾವಿರದ ಮನೆಗೆ ಲಕ್ಷ ರೂಪಾಯಿ. ತೋಟವಿದ್ದವರ ಮಗನಿಗೆ ಆ ಲಕ್ಷ ಒಂದು ಕೊಯ್ಲಿನ ಅಡಿಕೆಯಲ್ಲಿ ಬರುತ್ತದೆ. ಕೂಲಿಯವರ ಮಗ ಬಡ್ಡಿಗೆ ತರುತ್ತಾನೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಬೆಂಗಳೂರಿನ ಬೀದಿಗೆ ಆ ಮಾತು ಇಳಿದೇ ಇಲ್ಲ.

ಕಾನೂನೇ ಇಲ್ಲವೇ? ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಮುಂದೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂದು ಹೆಸರು ಬದಲಿಸಿಕೊಂಡದ್ದು, ಅದರ ನಾಲ್ಕನೇ ಕಲಮು ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸಮಾಡಲು ಅಡ್ಡಿಪಡಿಸುವುದನ್ನು ಅಪರಾಧವೆಂದಿದೆ. ಅಮೆರಿಕಕ್ಕಿಂತ ಹದಿಮೂರು ವರ್ಷ ಮೊದಲು! ಆದರೆ “ನೆಂಟರು ಬರ್ತಿದ್ದಾರೆ” ಎಂದವರ ಮೇಲೆ ಯಾವ ಠಾಣೆಯಲ್ಲಿ ಏನೆಂದು ದೂರು ಬರೆಸುವುದು? ಇನ್ನೊಂದು ಕಡೆ, 2005ರಲ್ಲಿ ಪಾರ್ಸಿಗಳ ಜೊರಾಸ್ಟ್ರಿಯನ್ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗೃಹ ನಿರ್ಮಾಣ ಸಂಘ ತನ್ನ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮೀಸಲಿಡಬಹುದೆಂದಿತು. ಆ ತೀರ್ಪು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಹಾಗೆ ನೋಡಿದರೆ ಬೆಂಗಳೂರು ಹೊಸ ಬಡಾವಣೆ ಹಾಕಿದಾಗಲೆಲ್ಲ ಜಾತಿಯನ್ನು ಜೊತೆಗೇ ಹಾಕಿಕೊಂಡಿದೆ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಸೈಟುಗಳನ್ನು ಜಾತಿವಾರು ಹಂಚಿದ್ದರು. ಕಸ ಗುಡಿಸುವವರು ಮಾತ್ರ ಗುಡಿಸುವ ಬೀದಿಯ ನಕ್ಷೆಯೊಳಗೆ ಬರಲಿಲ್ಲ. ಅವರು ರಾಜಕಾಲುವೆಯ ದಂಡೆ, ಕೆರೆಯಂಗಳ, ಮಿಲ್ಲಿನ ಗೋಡೆಯ ಬುಡ ಹಿಡಿದರು. ಆಗ ಅಲ್ಲಿ ಯಾರಿಗೂ ಬೇಡದ ನೆಲವಿತ್ತು.

ಬೇಡದ ನೆಲ ಬೇಕಾದದ್ದಾದರೆ ಏನಾಗುತ್ತದೆ ಎಂಬುದಕ್ಕೆ ಈಜಿಪುರ ಸಾಕು. ಕೋರಮಂಗಲದ ಮಗ್ಗುಲಲ್ಲಿ 1990ರ ದಶಕದ ಆರಂಭದಲ್ಲಿ ನಗರಪಾಲಿಕೆ ಬಡವರಿಗೆಂದು 1,512 ಮನೆಗಳ ಕ್ವಾರ್ಟರ್ಸ್ ಕಟ್ಟಿಸಿತು. ಕಟ್ಟಿ ಹದಿನೈದು ವರ್ಷ ತುಂಬುವುದರೊಳಗೆ ಬ್ಲಾಕುಗಳು ಕುಸಿಯತೊಡಗಿದವು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡರು. ಅಷ್ಟರಲ್ಲಿ ಕೋರಮಂಗಲ ಐಟಿಯವರ ಊರಾಗಿತ್ತು. ಸುಮಾರು ಹದಿನೈದು ಎಕರೆಯ ಆ ನೆಲವನ್ನು ಖಾಸಗಿ ಕಂಪನಿಯೊಂದರ ಜೊತೆ ಹಂಚಿಕೊಳ್ಳುವ ಒಪ್ಪಂದವಾಯಿತು. ಒಂದು ಭಾಗದಲ್ಲಿ ಬಡವರಿಗೆ ಮನೆ, ಉಳಿದದ್ದರಲ್ಲಿ ವ್ಯಾಪಾರಿ ಕಟ್ಟಡ. 2013ರ ಜನವರಿಯ ಚಳಿಯಲ್ಲಿ ಜೆಸಿಬಿ ಬಂದವು, ಸಾವಿರಕ್ಕೂ ಹೆಚ್ಚು ಶೆಡ್ಡು ನೆಲಸಮವಾದವು. ಅಲ್ಲಿದ್ದವರಲ್ಲಿ ಹೆಚ್ಚಿನವರು ದಲಿತರು, ಮುಸ್ಲಿಮರು, ಕ್ರೈಸ್ತರು. ಹೆಂಗಸರು ಅಲ್ಲೇ ಸುತ್ತಿನ ಮನೆಗಳಲ್ಲಿ ಪಾತ್ರೆ, ಬಟ್ಟೆ, ಅಡುಗೆ ಕೆಲಸ ಮಾಡುತ್ತಿದ್ದರು. ಎಷ್ಟೋ ಕುಟುಂಬಗಳು ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಗೆ ಹೋಗಿ ಬಿದ್ದವು. ಅಲ್ಲಿಂದ ಬೆಳಿಗ್ಗೆ ಆರಕ್ಕೆ ಕೋರಮಂಗಲದ ಅಡುಗೆಮನೆ ಸೇರುವುದು ಹೇಗೆ?

ಒಕ್ಕಲೆಬ್ಬಿಸಿದವರ ವಾದ ನೋಡಿ. ಇಲ್ಲಿರುವವರೆಲ್ಲ ಮೂಲ ಹಂಚಿಕೆದಾರರಲ್ಲ, ಕೆಲವರು ಅವರಿಂದ ಕೊಂಡವರು, ಕೆಲವರು ಬಾಡಿಗೆಯವರು, ಮನೆ ಸಿಗುವುದು ಮೂಲ ಪಟ್ಟಿಯಲ್ಲಿದ್ದವರಿಗೆ. ಕಾಗದದ ಪ್ರಕಾರ ಅದು ಸರಿಯೇ. ಆದರೆ ಆ ಕಾಗದ ಕೈ ಬದಲಿಸಿದ್ದು ಯಾಕೆ? ಆಸ್ಪತ್ರೆಗೆ, ಮದುವೆಗೆ, ಸಾಲಕ್ಕೆ. ಬಡವರ ಮನೆಯಲ್ಲಿ ಅಡವಿಡಲು ಸಿಗುವ ವಸ್ತು ಅದೊಂದೇ. ಕೊಂಡವರೂ ಅಷ್ಟೇ ಬಡವರು; ನಿಯಮ ಆ ಮಾರಾಟವನ್ನು ಒಪ್ಪದ ಕಾರಣ ಅವರ ಕೈಯಲ್ಲಿ ಉಳಿದದ್ದು ಬಿಳಿ ಹಾಳೆಯ ಕರಾರು. ಹೀಗೆ ಬಡವರಿಂದ ಕೊಂಡ ಬಡವರೇ ಅನಧಿಕೃತರಾಗುತ್ತಾರೆ.

ಈಗ ನಮ್ಮ ಊರುಗಳಿಗೆ ಬರೋಣ. ಬೆಂಗಳೂರನ್ನು ಬೈಯುವುದು ಸುಲಭ, ಬೈಯುತ್ತಾ ಇಲ್ಲೇ ಚಪ್ಪಾಳೆ ಗಿಟ್ಟಿಸಬಹುದು.

ನಮ್ಮ ಕೇರಿಗಳು ಊರ ಹೊರಗೇ ಇದ್ದವು. ಊರು ಬೆಳೆಯಿತು, ಬೆಂಗಳೂರು–ಹೊನ್ನಾವರ ಹೆದ್ದಾರಿ ಅಗಲವಾಯಿತು, ಬೈಪಾಸ್ ಬಂತು. ಹೊರಗಿದ್ದದ್ದು ಕೆಲವೆಡೆ ರಸ್ತೆ ಬದಿಯ ಬಂಗಾರದ ಜಾಗವಾಯಿತು. ದೇವರಾಜ ಅರಸರ ಕಾಲದಲ್ಲಿ ಹಂಚಿದ ನಿವೇಶನಗಳು, ಜನತಾ ಮನೆಗಳು, 1990ರ ದಶಕದಿಂದಾಚೆಗಿನ ಆಶ್ರಯ ಮನೆಗಳು, ಅಂಬೇಡ್ಕರ್ ವಸತಿ ಮನೆಗಳು ಕಡೂರು, ತರೀಕೆರೆ, ಅಜ್ಜಂಪುರ ಈ ನಮ್ಮ ಮೂರೂ ತಾಲ್ಲೂಕುಗಳಲ್ಲಿವೆ. ಇವುಗಳ ಒಳ್ಳೆಯದನ್ನು ಮೊದಲು ಒಪ್ಪಬೇಕು. ಗುಡಿಸಲಿನಿಂದ ಹೆಂಚಿಗೆ, ಹೆಂಚಿನಿಂದ ತಾರಸಿಗೆ ಬಂದ ತಲೆಮಾರು ಈ ಸಭೆಯಲ್ಲೇ ಕೂತಿದೆ. ಆದರೆ ಹಕ್ಕುಪತ್ರ ಸಿಕ್ಕವರೆಲ್ಲರ ಖಾತೆಯಾಗಿಲ್ಲ. ಅಪ್ಪನ ಹೆಸರಿನಲ್ಲಿದ್ದದ್ದು ಮಕ್ಕಳಿಗೆ ಪೌತಿಯಾಗಿಲ್ಲ. ಇ-ಸ್ವತ್ತು ದಾಖಲೆ ಇಲ್ಲದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಅಮೆರಿಕದ ಕೆಂಪು ನಕ್ಷೆಗೂ ಇದಕ್ಕೂ ನಡುವೆ ಉದ್ದೇಶದಲ್ಲಿ ಅಂತರವಿರಬಹುದು, ಸಾಲದ ಅರ್ಜಿ ವಾಪಸ್ ಬರುವಲ್ಲಿ ಇಲ್ಲ.

ತಾಂಡಾ, ಹಟ್ಟಿಗಳ ಪಾಡು ಇನ್ನೂ ವಿಚಿತ್ರ. ಅಜ್ಜನ ಕಾಲದಿಂದ ಜನ ಬಾಳುತ್ತಿರುವ ಊರು ಕಂದಾಯದ ದಾಖಲೆಯಲ್ಲಿ ಊರೇ ಆಗಿರಲಿಲ್ಲ. ಇದನ್ನು ಸರಿಪಡಿಸಲು ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಕಳೆದ ದಶಕದಲ್ಲಿ ಶುರುವಾಯಿತು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಲು ಭೂಕಂದಾಯ ಕಾಯ್ದೆಯ 94-ಸಿ ಕಲಮಿದೆ, ಪಟ್ಟಣದಲ್ಲಾದರೆ 94-ಸಿಸಿ. 2025ರ ಫೆಬ್ರವರಿಯಲ್ಲಿ ಪಟ್ಟಣಗಳ ಅನಧಿಕೃತ ಸ್ವತ್ತುಗಳಿಗೂ ಬಿ-ಖಾತೆ ಕೊಡುವ ಅಭಿಯಾನ ಬಂತು. ಇಂಥ ಅವಕಾಶ ಬಂದಾಗ ಕಚೇರಿಯ ಸಾಲಿನಲ್ಲಿ ಮೊದಲು ನಿಲ್ಲುವವರು ಯಾರು? ಲೇಔಟ್ ಮಾಡಿದವರು. ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲಲು ಆಗದವರು ಕೊನೆಯ ದಿನಾಂಕ ಮುಗಿದ ಮೇಲೆ ಬರುತ್ತಾರೆ.

ಇದರ ಜೊತೆ 2020ರ ತಿದ್ದುಪಡಿಯನ್ನೂ ಇಟ್ಟು ನೋಡಬೇಕು. ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ, ಎಷ್ಟೇ ವರಮಾನ ಇದ್ದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ವಾರಾಂತ್ಯಕ್ಕೆ ತೋಟದ ಮನೆ ಬೇಕಾದವರ ಕಾರು ಈಗ ನಮ್ಮ ಕಡೆಗೂ ಬರುತ್ತದೆ. ಜಮೀನಿದ್ದವರಿಗೆ ಅದು ಲಾಭ, ಅದನ್ನು ಯಾರೂ ತಪ್ಪೆನ್ನಲಾರರು. ಜಮೀನಿಲ್ಲದವರಿಗೆ ಅರ್ಧ ಎಕರೆ ಕೊಳ್ಳುವ ಕನಸು ಇನ್ನಷ್ಟು ದೂರ ಹೋಯಿತು, ಹಳ್ಳಿಯಲ್ಲಿ ಸೈಟಿಗೆ ಜಾಗ ಕೊಳ್ಳುವುದು ಸರ್ಕಾರಕ್ಕೂ ದುಬಾರಿಯಾಯಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಕಾಯಲು 1978ರ ಪಿಟಿಸಿಎಲ್ ಕಾಯ್ದೆ ಇದೆ, 2023ರಲ್ಲಿ ಅದಕ್ಕೆ ಕಾಲಮಿತಿಯ ಅಡ್ಡಿಯನ್ನೂ ತೆಗೆದರು. ಆದರೆ ಮಂಜೂರಾತಿಯೇ ಆಗದವರನ್ನು ಅದು ಏನು ಕಾಪಾಡೀತು?

ಬೆಲೆ ಏರಿದರೆ ಕೇರಿಯವರಿಗೂ ಲಾಭವಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಖಾತೆ ತನ್ನ ಹೆಸರಿನಲ್ಲಿದ್ದರೆ. ಆಗ ಬೇಕಾದರೆ ಮಾರುತ್ತಾನೆ, ಬೇಡವಾದರೆ ಮಹಡಿ ಕಟ್ಟಿ ಬಾಡಿಗೆಗೆ ಕೊಡುತ್ತಾನೆ. ಬಿಡುವ, ಉಳಿಯುವ ಎರಡೂ ಅವನ ಕೈಯಲ್ಲಿರುತ್ತವೆ. ಹಾಗಾಗಿ ನಾನು ಬೆಲೆಯ ವಿರೋಧಿಯಲ್ಲ. ಬೆಲೆ ಬರುವ ಮೊದಲು ಕಾಗದ ಬರಲಿ ಎನ್ನುವವನು.

ಇನ್ನು ಸ್ವಲ್ಪ ಇರುಸುಮುರುಸಿನ ಮಾತು. ನಮ್ಮ ತರೀಕೆರೆ, ಅಜ್ಜಂಪುರದ ಅಡಿಕೆ, ಕಡೂರಿನ ತೆಂಗು ಬೆಂಗಳೂರಿನಲ್ಲಿ ಮೂರು ಮಹಡಿಯ ಕಟ್ಟಡವಾಗಿರುವುದು ಈ ಸಭೆಯ ಅನೇಕರಿಗೆ ಗೊತ್ತು. ಕೆಳಗೆ ಮಾಲೀಕರು, ಮೇಲೆ ನಾಲ್ಕು ಬಾಡಿಗೆ ಮನೆ. ಊರಿನಲ್ಲಿ ಅವರ ತೋಟಕ್ಕೆ ಕೆಲಸಕ್ಕೆ ಹೋಗುತ್ತಿದ್ದವರ ಮಗಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸಾಗಿ, ‘ಟು ಲೆಟ್’ ಬೋರ್ಡು ನೋಡಿ ಅದೇ ಗೇಟು ತಟ್ಟಿದರೆ ಆಶ್ಚರ್ಯವಿಲ್ಲ. ಊರಿನವಳೆಂದು ಸಂತೋಷಪಡಬೇಕಾದ ಮಾಲೀಕರಿಗೆ ಊರಿನವಳಾದ್ದರಿಂದಲೇ ಅವಳ ಕೇರಿ ಯಾವುದೆಂದು ಕೇಳದೆಯೂ ಗೊತ್ತಾಗುತ್ತದೆ. ಅಪರಿಚಿತ ನಗರದಲ್ಲಿ ಜಾತಿ ಮರೆಯಾಗುತ್ತದೆ ಎಂಬ ಅಂಬೇಡ್ಕರರ ಕಾಲದ ಆಸೆ ಇಲ್ಲಿ ಎಡವುತ್ತದೆ.

ಸರ್ಕಾರಕ್ಕೆ ಹೇಳಬೇಕಾದದ್ದು ಬಹಳ ಇದೆ. ಒಕ್ಕಲೆಬ್ಬಿಸಿದ ಜಾಗದಲ್ಲೇ ಮನೆ ಕಟ್ಟಿಕೊಡಬೇಕು, ಬಾಡಿಗೆಯವರನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಡ್ವಾನ್ಸಿಗೆ ಮಿತಿ ಹಾಕಬೇಕು, ಪೌತಿ ಖಾತೆಗೆ ಕಚೇರಿಯೇ ಕೇರಿಗೆ ಬರಬೇಕು. ಇವನ್ನು ಮನವಿಯಲ್ಲಿ ಬರೆದು ಕೊಡೋಣ. ಆದರೆ ಈ ಸಭೆಯಲ್ಲಿ ಬೆಂಗಳೂರಿನಲ್ಲಿ ಮನೆ ಇರುವವರಿದ್ದೀರಿ, ನಿಮ್ಮ ಮಕ್ಕಳಿದ್ದಾರೆ. ಮುಂದಿನ ಸಲ ಬಾಡಿಗೆಗೆ ಯಾರಾದರೂ ಫೋನ್ ಮಾಡಿದರೆ ಎಲ್ಲಿ ಕೆಲಸ, ಸಂಬಳ ಎಷ್ಟು, ಎಷ್ಟು ಜನ ಇರುತ್ತೀರಿ, ಈ ಮೂರು ಕೇಳಿ. ನಾಲ್ಕನೆಯದು ಬಾಯಿಗೆ ಬಂದರೆ ನುಂಗಿಕೊಳ್ಳಿ. ಅಡ್ವಾನ್ಸ್ ಎರಡು ತಿಂಗಳದ್ದು ಸಾಕು, ಮೂರಾದರೂ ಆಗಲಿ. ಕರಾರು ಬರೆದು, ಅದರ ಒಂದು ಪ್ರತಿಯನ್ನು ಅವರ ಕೈಗೂ ಕೊಡಿ.