ಚಕ್ಕಡಿಯ ನೆರಳಿನಲ್ಲಿ ನಡೆದ ನಾಯಿ

ನಮ್ಮದು ಕುಂದಗೋಳ ತಾಲ್ಲೂಕಿನ ಎರೆಸೀಮೆಯ ಹಳ್ಳಿ. ಇಲ್ಲಿ ಹಗ್ಗ ಹಿಡಿದು ನಾಯಿಯನ್ನು ಅಡ್ಡಾಡಿಸುವವರು ಅಪರೂಪ. ಮೂಡಲು ಬೆಳ್ಳಗಾಗುತ್ತಲೇ ಅವು ತಾವೇ ಹೊರಡುತ್ತವೆ. ಡೇರಿಗೆ ಹಾಲು ಒಯ್ಯುವವರ ಹಿಂದೊಂದು, ಹೊಲಕ್ಕೆ ಹೋಗುವವರ ಮುಂದೊಂದು.

ನಮ್ಮ ಕಾಳ್ಯಾ ಮುಂದೆ ಓಡುವ ಪೈಕಿ. ದಾರಿ ಒಡೆಯುವಲ್ಲಿ ನಿಂತು ತಿರುಗಿ ನೋಡುತ್ತಾನೆ; ನಾನು ಯಾವ ಕಡೆ ಹೊರಳುತ್ತೇನೆಂದು ಖಾತ್ರಿಯಾದ ಮೇಲೆಯೇ ಮತ್ತೆ ಓಟ. ಪಕ್ಕದ ಮನೆಯದು ಒಂದೊಂದು ಕಲ್ಲನ್ನೂ ಮೂಸದೆ ಹೆಜ್ಜೆ ಕೀಳುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಇಬ್ಬರದೂ ಒಂದೇ ನಡಿಗೆ. ಕರಿಕೆ ಬೆಳೆದ ಬದು ಬಿಟ್ಟು ಇಳಿಯುವುದಿಲ್ಲ. ಇಳಿದರೆ ಎರೆಮಣ್ಣು ಬೆರಳಸಂದಿಗೆ ಮೆತ್ತಿಕೊಳ್ಳುತ್ತದೆ, ಕೂತು ಹಲ್ಲಿನಿಂದ ಕಿತ್ತುಕೊಳ್ಳಬೇಕಾಗುತ್ತದೆ.

ನಮ್ಮ ಮನೆಯ ಮುದಿನಾಯಿ ಮೋತಿಯ ನಡಿಗೆಯೇ ಬೇರೆ. ಅದು ಚಕ್ಕಡಿಯ ಕೆಳಗೆ ನಡೆದ ನಾಯಿ. ಎರಡು ಗಾಲಿಗಳ ನಡುವೆ, ಅಚ್ಚಿನ ನೆರಳಿನಲ್ಲಿ, ಎತ್ತಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ ಸಾಗುತ್ತಿತ್ತು. ಎಳ್ಳಮಾಸಿಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೊರಟರೆ ಮೇಲೆ ಮಕ್ಕಳ ಗದ್ದಲ, ಬುತ್ತಿಯ ಗಂಟು, ಕೆಳಗೆ ಮೋತಿ. ಬಂಡಿ ಕೆಳಗಿನ ನಾಯಿ ಬಂಡಿಯನ್ನು ತಾನೇ ಎಳೆಯುತ್ತೇನೆಂದು ತಿಳಿದಂತೆ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಗಾದೆ ನನಗೆ ಒಪ್ಪಿಗೆಯಿಲ್ಲ. ನಾಯಿಗೆ ನಮ್ಮಂತೆ ಮೈತುಂಬ ಬೆವರು ಬರುವುದಿಲ್ಲ. ನಾಲಿಗೆ ಚಾಚಿ ತೇಕಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಗಿಡದ ನೆರಳೇ ಇಲ್ಲದ ಬಯಲಿನಲ್ಲಿ ನಡೆಯುವ ನೆರಳೊಂದನ್ನು ಕಂಡುಕೊಂಡದ್ದು ಅದರ ಜಾಣತನ, ಜಂಬವಲ್ಲ.

ಗಾದೆ ಕಟ್ಟಿದ ನಾಡಿನಲ್ಲೇ ನಾಯಿಗೆ ಕಲ್ಲನ್ನೂ ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949ರ ಕಾಲದ್ದು. ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು ಎಂದು ಅದರಲ್ಲಿ ಬರೆದಿದೆ. ಆ ನಾಯಿಯನ್ನು ಗಂಗರ ಬೂತುಗನಿಂದ ಕೇಳಿ ಪಡೆದವನು ಮಣಲೆರ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ವೀರ, ಮೆಚ್ಚುಗೆಯಾಗಿ ಬೇಡಿದ್ದು ಒಂದು ನಾಯಿಯನ್ನು! ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿದೆ. ಹೋದಾಗ ತಪ್ಪದೆ ನೋಡಿ. ಕಾಳ್ಯಾ ಎಂದು ಓಣಿಯಲ್ಲಿ ಕೂಗುವಾಗೆಲ್ಲ ನನಗೆ ಆ ಕಾಳಿಯ ನೆನಪು.

ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುತ್ತೇವಲ್ಲ, ಆ ಹಿಂಡಿನ ನಾಯಿಗಳು ಹಗಲೆಲ್ಲ ಬಿದ್ದುಕೊಂಡಿರುವುದನ್ನು ಕಂಡು ಸೋಮಾರಿ ಎನ್ನಬೇಡಿ. ಅವುಗಳ ನಡಿಗೆ ಕತ್ತಲಾದ ಮೇಲೆ, ಮಲಗಿದ ಕುರಿಗಳ ಸುತ್ತ.

ಒಮ್ಮೆ ಕಾಳ್ಯಾನನ್ನು ಹಗ್ಗ ಹಾಕಿ ದವಾಖಾನೆಗೆ ಒಯ್ಯುತ್ತಿದ್ದೆ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲು. ಕಂಬಕ್ಕೊಮ್ಮೆ ನಿಲ್ಲುತ್ತಿದ್ದ, ನಾನು ಜಗ್ಗುತ್ತಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, “ಯಾಕ ಜಗ್ತಿಯೋ ತಮ್ಮಾ? ಇಲ್ಲಿ ಯಾರ್ ಬಂದು ಹೋಗ್ಯಾರ ಅಂತ ಕೇಳಾಕತ್ತೇತಿ ಅದು. ಪೂರಾ ಕೇಳ್ಲಿ ಬಿಡು” ಎಂದರು. ನನಗೆ ನಾಚಿಕೆಯಾಯಿತು. ಆಮೇಲೆ ಓದಿದೆ: ಕಾಲೆತ್ತುವುದರಲ್ಲೂ ಒಂದು ಲೆಕ್ಕವಿದೆಯಂತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಿಡ್ಡ ನಾಯಿಗಳು ದೊಡ್ಡವಕ್ಕಿಂತ ಹೆಚ್ಚು ಓರೆಯಾಗಿ ಕಾಲೆತ್ತುವುದು ಕಂಡುಬಂತು. ಗುರುತು ಎತ್ತರದಲ್ಲಿ ಬಿದ್ದರೆ, ಮೂಸಿದವರು ತನ್ನನ್ನು ದೊಡ್ಡದೆಂದು ತಿಳಿಯಲಿ ಎಂದಿರಬಹುದೆಂಬುದು ಅವರ ಊಹೆ. ನಾವು ಅರೆಗಳಿಗೆಯೂ ಕಾಯದ ಕಂಬದ ಬುಡದಲ್ಲಿ ಅವಕ್ಕೆ ಇಷ್ಟೆಲ್ಲ ವ್ಯವಹಾರ.

ಈಗ ನಾವು ಹೊಲಕ್ಕೆ ಹೋಗುವುದು ಟ್ರ್ಯಾಕ್ಟರಿನಲ್ಲಿ. ಅದರ ಕೆಳಗೆ ನಾಯಿ ನಡೆಯಲಾರದು. ಕಾಳ್ಯಾ ಧೂಳಿನಲ್ಲಿ ಹಿಂದೆ ಓಡಿ ಬರುತ್ತಾನೆ. ಮೋತಿಗೆ ಅಷ್ಟು ಓಟ ಸಾಧ್ಯವಿಲ್ಲ. ಊರ ಅಗಸಿಯವರೆಗೆ ಬಂದು ತಿರುಗುತ್ತದೆ. ಹಿತ್ತಲಿನಲ್ಲಿ ನೊಗ ಇಳಿಸಿ ನಿಲ್ಲಿಸಿದ ಚಕ್ಕಡಿಯ ಕೆಳಗೆ, ಎರಡು ಗಾಲಿಗಳ ನಡುವೆ, ಅದೇ ತನ್ನ ಜಾಗದಲ್ಲಿ ಮಲಗುತ್ತದೆ. ಸುಮ್ಮನೆ ನಿಂತ ಚಕ್ಕಡಿಯನ್ನು ಮಾರಿಬಿಡೋಣ ಎಂದು ಮೊನ್ನೆ ಮನೆಯಲ್ಲಿ ಮಾತು ಬಂತು. ಈ ಬೇಸಿಗೆ ಕಳೆಯಲಿ ಎಂದೆ.