ದೂರದ ಎಂಜಿನ್‌ಗೆ ಕೇಳಿಸದಾಗ



ತಂತ್ರಜ್ಞಾನದ ಬಗ್ಗೆ ಮಾತಾಡುವಾಗ ನಾವು ಯಂತ್ರದ ಸಾಮರ್ಥ್ಯವನ್ನು ಹೊಗಳುವುದೇ ಹೆಚ್ಚು. ಅದು ಕೈಕೊಟ್ಟಾಗ ಏನಾಗುತ್ತದೆ ಎಂಬುದನ್ನು ಇವತ್ತು ನೋಡೋಣ. ನನ್ನ ಪ್ರಶ್ನೆ ಇಷ್ಟೇ: ಎರಡು ಮೂರು ಕಿಲೋಮೀಟರ್ ಉದ್ದದ ಗೂಡ್ಸ್ ಗಾಡಿಯ ನಡುವೆಯೋ ಬಾಲದಲ್ಲೋ ಜನರಿಲ್ಲದ ಎಂಜಿನ್ ಇದೆ. ಮುಂದಿನ ಎಂಜಿನ್ನಿನಲ್ಲಿ ಕೂತ ಲೋಕೊ ಪೈಲಟ್ ಅದನ್ನು ರೇಡಿಯೊ ಮೂಲಕ ನಡೆಸುತ್ತಿದ್ದಾರೆ. ಆ ರೇಡಿಯೊ ಕಡಿದುಹೋದರೆ ಹಿಂದಿನ ಎಂಜಿನ್ ಏನು ಮಾಡಬೇಕು?

1. ಎಂಜಿನ್ನನ್ನು ಹಿಂದಕ್ಕೆ ಏಕೆ ಕಳಿಸಿದರು?

ಉದ್ದದ ಗಾಡಿಯನ್ನು ಮುಂದಿನಿಂದ ಮಾತ್ರ ಎಳೆದರೆ ಇಡೀ ಭಾರ ಮೊದಲ ಕೆಲವು ಕಪ್ಲಿಂಗ್‌ಗಳ ಮೇಲೆ ಬೀಳುತ್ತದೆ. ಏರಿನಲ್ಲಿ ಅವು ತುಂಡಾಗಬಹುದು. ತಿರುವಿನಲ್ಲಿ ಖಾಲಿ ವ್ಯಾಗನ್ ಒಳಬದಿಗೆ ಜಗ್ಗಿಕೊಂಡು ಹಳಿ ತಪ್ಪಬಹುದು. ಎಂಜಿನ್‌ಗಳನ್ನು ಗಾಡಿಯುದ್ದಕ್ಕೂ ಹಂಚಿದರೆ ಈ ಕಷ್ಟ ತಗ್ಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಸದರ್ನ್ ರೈಲ್ವೆ ಇದಕ್ಕಾಗಿ ಬಳಸತೊಡಗಿದ ರೇಡಿಯೊ ವ್ಯವಸ್ಥೆಗೆ ಲೋಕೊಟ್ರೋಲ್ ಎಂದು ಹೆಸರು.

ಇನ್ನೊಂದು ಲಾಭ ಬ್ರೇಕಿನದು. 1872ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರೂಪಿಸಿದ ತತ್ವವೇ ಇಂದಿಗೂ ನಡೆಯುತ್ತಿದೆ. ಗಾಡಿಯುದ್ದಕ್ಕೂ ಸಾಗುವ ಬ್ರೇಕ್ ಪೈಪಿನಲ್ಲಿ ಗಾಳಿಯ ಒತ್ತಡ ಇರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ. ಒತ್ತಡ ಇಳಿದರೆ ಪ್ರತಿ ವ್ಯಾಗನ್ನೂ ತನ್ನ ತೊಟ್ಟಿಯಲ್ಲಿ ಕೂಡಿಟ್ಟ ಗಾಳಿಯಿಂದ ಬ್ರೇಕ್ ಹಿಡಿಯುತ್ತದೆ. ಪೈಪ್ ಒಡೆದರೂ ಗಾಡಿ ನಿಲ್ಲುತ್ತದೆ. ಆದರೆ ಒತ್ತಡ ಇಳಿದ ಸುದ್ದಿ ಪೈಪಿನಲ್ಲಿ ಬಾಲದವರೆಗೆ ಸಾಗಲು ಹೊತ್ತು ಬೇಕು. ರೇಡಿಯೊ ಇದ್ದರೆ ಮುಂದೆಯೂ ಹಿಂದೆಯೂ ಒಟ್ಟಿಗೇ ಗಾಳಿ ಬಿಡಬಹುದು.

2. ಮೌನಕ್ಕೆ ಎರಡು ಉತ್ತರ

ರೇಡಿಯೊ ಸುರಂಗದಲ್ಲಿ ಕಡಿಯುತ್ತದೆ, ಕಣಿವೆಯ ತಿರುವಿನಲ್ಲಿ ಕಡಿಯುತ್ತದೆ, ಉಪಕರಣ ಕೆಟ್ಟೂ ಕಡಿಯುತ್ತದೆ. ಆಗ ಹಿಂದಿನ ಎಂಜಿನ್ ಕೂಡಲೇ ಕೆಲಸ ನಿಲ್ಲಿಸಿಬಿಡಲಿ ಎಂಬುದು ಮೊದಲು ಹೊಳೆಯುವ ಉತ್ತರ. ಅದು ಯಾವಾಗಲೂ ಸರಿಯಲ್ಲ. ಗಾಡಿ ಏರು ಹತ್ತುತ್ತಿರುವಾಗ ತಳ್ಳುವ ಎಂಜಿನ್ ಥಟ್ಟನೆ ಸುಮ್ಮನಾದರೆ ಇಡೀ ಭಾರ ಮುಂದಿನ ಕಪ್ಲಿಂಗ್‌ಗಳಿಗೆ ಬಿದ್ದು ಗಾಡಿ ಎರಡು ಹೋಳಾಗಬಹುದು. ಅದಕ್ಕೇ ಲೋಕೊಟ್ರೋಲ್ ಮಾದರಿಯ ವ್ಯವಸ್ಥೆಗಳಲ್ಲಿ ಸಂಪರ್ಕ ಕಡಿದ ಎಂಜಿನ್ ಕೊನೆಗೆ ಕೇಳಿದ ಆಜ್ಞೆಯನ್ನೇ ಪಾಲಿಸುತ್ತ ಹೋಗುತ್ತದೆ.

ಇದರಲ್ಲೂ ಅಪಾಯವಿದೆ. ಗುಡ್ಡದ ನೆತ್ತಿ ದಾಟಿದ ಗಾಡಿಯನ್ನು ಊಹಿಸಿಕೊಳ್ಳಿ. ಮುಂದಿನ ಭಾಗ ಇಳಿಯುತ್ತಿದೆ, ಲೋಕೊ ಪೈಲಟ್ ವೇಗ ತಗ್ಗಿಸುತ್ತಿದ್ದಾರೆ. ಏನೂ ಕೇಳಿಸದ ಹಿಂದಿನ ಎಂಜಿನ್ ಇನ್ನೂ ತಳ್ಳುತ್ತಲೇ ಇದೆ. ಇದಕ್ಕೆ ಕಂಡುಕೊಂಡ ಪರಿಹಾರ ಜಾಣತನದ್ದು. ಪೈಲಟ್ ಬ್ರೇಕ್ ಪೈಪಿನ ಒತ್ತಡವನ್ನು ಸ್ವಲ್ಪ ಇಳಿಸುತ್ತಾರೆ. ಹಿಂದಿನ ಎಂಜಿನ್ ಅದನ್ನು ಗುರುತಿಸಿ ತಳ್ಳುವುದನ್ನು ಬಿಡುತ್ತದೆ, ಪೈಪಿಗೆ ಗಾಳಿ ತುಂಬುವುದನ್ನೂ ನಿಲ್ಲಿಸುತ್ತದೆ. ಹೊಸ ಉಪಕರಣ ಕೈಬಿಟ್ಟಾಗ ಕಾಯುವುದು ಆ ಹಳೆಯ ಪೈಪು. ಆದರೆ ಪೈಪು ಸರಿಯಿರಬೇಕು, ಸಂಪರ್ಕ ಕಡಿದಿದೆ ಎಂಬುದು ಪೈಲಟ್‌ಗೆ ತಿಳಿದಿರಬೇಕು.

3. ಮೂರು ಇಳಿಜಾರು

ಇಂಥ ಕಾವಲುಗಳು ಕೈಕೊಟ್ಟ ಮೂರು ಘಟನೆಗಳನ್ನು ನೋಡೋಣ. 2018ರ ಅಕ್ಟೋಬರ್ 4. ಅಮೆರಿಕದ ವಯೋಮಿಂಗ್ ರಾಜ್ಯದ ಗ್ರಾನೈಟ್ ಕ್ಯಾನ್ಯನ್ ಬಳಿ ಯೂನಿಯನ್ ಪೆಸಿಫಿಕ್ ಕಂಪನಿಯ ಗೂಡ್ಸ್ ಗಾಡಿ ಇಳಿಜಾರಿನಲ್ಲಿ ಹಿಡಿತ ತಪ್ಪಿ, ನಿಂತಿದ್ದ ಗಾಡಿಗೆ ಹಿಂದಿನಿಂದ ಗುದ್ದಿತು. ಇಬ್ಬರು ಸಿಬ್ಬಂದಿ ಸತ್ತರು. ಬ್ರೇಕ್ ಪೈಪಿನಲ್ಲಿ ಗಾಳಿಯ ಹರಿವಿಗೆ ಅಡ್ಡಿಯಾಗಿತ್ತು. ಇಂಥ ಹೊತ್ತಿಗೆಂದೇ ಕೊನೆಯ ವ್ಯಾಗನ್ನಿಗೆ ರೇಡಿಯೊ ಉಪಕರಣ ಹಾಕಿರುತ್ತಾರೆ. ತುರ್ತು ಆಜ್ಞೆ ಬಂದರೆ ಅದು ಬಾಲದಲ್ಲಿ ಗಾಳಿ ಬಿಡಬೇಕು. ಆಜ್ಞೆ ಹೋಯಿತು, ಉಪಕರಣ ಸ್ಪಂದಿಸಲಿಲ್ಲ. ಸಂಪರ್ಕ ಕಡಿದ ಎಚ್ಚರಿಕೆ ಪೈಲಟ್‌ಗೆ ತಲುಪಲು 16 ನಿಮಿಷ 30 ಸೆಕೆಂಡ್ ಹಿಡಿದರೂ ಆಗ ನಿಯಮದ ಮಿತಿಯೊಳಗೇ ಇರುತ್ತಿತ್ತು. ಇಳಿಜಾರಿನಲ್ಲಿ ಅಷ್ಟು ಹೊತ್ತು ಎಂದರೆ ಒಂದು ಗುಡ್ಡವೇ ಕಳೆದುಹೋಗುತ್ತದೆ.

ಅದಾದ ಮರುತಿಂಗಳು, ನವೆಂಬರ್ 5ರ ನಸುಕು. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಬಿಎಚ್‌ಪಿ ಕಂಪನಿಯ ಅದಿರು ಗಾಡಿ: 268 ವ್ಯಾಗನ್, ಮುಂದೆ ಎರಡು ಎಂಜಿನ್, ನಡುವೆ ಎರಡು. ಬ್ರೇಕುಗಳನ್ನು ವಿದ್ಯುತ್ ತಂತಿಯ ಮೂಲಕ ನಿಯಂತ್ರಿಸುವ ವ್ಯವಸ್ಥೆ. ಆ ತಂತಿಯ ಜೋಡಣೆ ಒಂದು ಕಡೆ ಬಿಟ್ಟುಕೊಂಡಿತು. ವ್ಯವಸ್ಥೆ ತಾನಾಗಿ ಬ್ರೇಕ್ ಹಿಡಿಯಿತು, ಗಾಡಿ ನಿಂತಿತು. ಇಲ್ಲಿಯವರೆಗೆ ಎಲ್ಲವೂ ಸರಿ. ಒಬ್ಬರೇ ಇದ್ದ ಚಾಲಕ ವ್ಯಾಗನ್‌ಗಳಿಗೆ ಕೈಯಿಂದ ಹ್ಯಾಂಡ್ ಬ್ರೇಕ್ ಹಾಕಲು ಇಳಿದರು. ಬ್ರೇಕ್ ಪೈಪಿನ ಗಾಳಿಯನ್ನು ಪೂರ್ತಿ ಬಿಡುವ ತುರ್ತು ಬ್ರೇಕ್ ಹಾಕಿರಲಿಲ್ಲ. ಒಂದು ಗಂಟೆ ಕಳೆದ ಮೇಲೆ ಸಂಪರ್ಕವಿಲ್ಲದ ವಿದ್ಯುತ್ ವ್ಯವಸ್ಥೆ, ವಿನ್ಯಾಸದಲ್ಲಿ ಇದ್ದಂತೆಯೇ, ತನ್ನನ್ನು ತಾನು ಆರಿಸಿಕೊಂಡಿತು. ಬ್ರೇಕ್ ಬಿಟ್ಟಿತು. ಚಾಲಕರಿಲ್ಲದೆ 90 ಕಿಲೋಮೀಟರಿಗೂ ಹೆಚ್ಚು ಓಡಿದ ಗಾಡಿಯನ್ನು ಪರ್ತ್‌ನ ನಿಯಂತ್ರಣ ಕೇಂದ್ರದವರು ಟರ್ನರ್ ಎಂಬಲ್ಲಿ ಬೇಕೆಂದೇ ಹಳಿ ತಪ್ಪಿಸಿದರು. ಯಾರಿಗೂ ಗಾಯವಾಗಲಿಲ್ಲ. ಗಾಡಿ ಓಡಿದ್ದು ಯಂತ್ರ ಕೆಟ್ಟಿದ್ದರಿಂದಲ್ಲ. ಕೆಟ್ಟ ಮೇಲೆ ಯಂತ್ರ ಕೊಡುತ್ತಿದ್ದ ರಕ್ಷಣೆಗೆ ಗಡುವು ಇತ್ತು.

2019ರ ಫೆಬ್ರವರಿ 4. ಕೆನಡಾದ ರಾಕಿ ಪರ್ವತಗಳಲ್ಲಿ, ಫೀಲ್ಡ್ ಊರಿನ ಬಳಿ. ಕೆನಡಿಯನ್ ಪೆಸಿಫಿಕ್ ಕಂಪನಿಯ 112 ವ್ಯಾಗನ್‌ಗಳ ಧಾನ್ಯದ ಗಾಡಿ. ಮುಂದೆ, ನಡುವೆ, ಬಾಲದಲ್ಲಿ ಒಂದೊಂದು ಎಂಜಿನ್. ಸೊನ್ನೆಗಿಂತ 28 ಡಿಗ್ರಿ ಕೆಳಗಿನ ಚಳಿ. ಕಡಿದಾದ ಇಳಿಜಾರಿನಲ್ಲಿ ತುರ್ತು ಬ್ರೇಕ್ ಹಾಕಿ ನಿಲ್ಲಿಸಿದ್ದರು, ಹ್ಯಾಂಡ್ ಬ್ರೇಕ್ ಹಾಕಿರಲಿಲ್ಲ. ಚಳಿಗೆ ಬ್ರೇಕ್ ಸಿಲಿಂಡರುಗಳಿಂದ ಗಾಳಿ ಸೋರುತ್ತ ಹೋಯಿತು. ಬದಲಿ ಸಿಬ್ಬಂದಿ ಮೂವರು ಹತ್ತಿದ ಮೇಲೆ, ಯಾರೂ ಹೊರಡಿಸದೆಯೇ ಗಾಡಿ ಚಲಿಸತೊಡಗಿತು. ಮೂವರೂ ಸತ್ತರು. ಆಮೇಲೆ ಕೆನಡಾ ಸರ್ಕಾರ, ಶೇ. 1.8ಕ್ಕಿಂತ ಕಡಿದಾದ ಪರ್ವತ ಮಾರ್ಗದಲ್ಲಿ ತುರ್ತು ಬ್ರೇಕಿನಿಂದ ನಿಂತ ಗಾಡಿಗೆ ಹ್ಯಾಂಡ್ ಬ್ರೇಕ್ ಹಾಕಲೇಬೇಕು ಎಂದು ಆದೇಶಿಸಿತು.

4. ನಮ್ಮ ಘಾಟಿಗೆ ಇದರ ಅರ್ಥ

ನಮ್ಮಲ್ಲೂ ಗಾಡಿಗಳು ಉದ್ದವಾಗುತ್ತಿವೆ. 2022ರ ಆಗಸ್ಟ್ 15ರಂದು ಛತ್ತೀಸ್‌ಗಢದಲ್ಲಿ ಓಡಿದ ‘ಸೂಪರ್ ವಾಸುಕಿ’ 295 ವ್ಯಾಗನ್‌ಗಳಲ್ಲಿ ಸುಮಾರು 27,000 ಟನ್ ಕಲ್ಲಿದ್ದಲು ಹೊತ್ತ, 3.5 ಕಿಲೋಮೀಟರ್ ಉದ್ದದ ಗಾಡಿ. ಎಂಜಿನ್‌ಗಳನ್ನು ಹಂಚಿ ನಿಸ್ತಂತುವಾಗಿ ನಡೆಸುವ ಡಿಪಿಡಬ್ಲ್ಯುಸಿಎಸ್ ವ್ಯವಸ್ಥೆಯನ್ನೂ ಭಾರತೀಯ ರೈಲ್ವೆ ತಂದಿದೆ.

ಕರ್ನಾಟಕ–ಗೋವಾ ಗಡಿಯ ಬ್ರಗಾಂಜಾ ಘಾಟಿನಲ್ಲಿ, ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ, 37 ಮೀಟರಿಗೆ ಒಂದು ಮೀಟರ್ ಏರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿನಲ್ಲಿ 50ಕ್ಕೆ ಒಂದು, ಜೊತೆಗೆ 57 ಸುರಂಗ. ಇಲ್ಲೆಲ್ಲ ಗಾಡಿಯನ್ನು ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳಲ್ಲಿ ಮನುಷ್ಯರೇ ಕೂತು ಸೀಟಿ, ವಾಕಿಟಾಕಿಗಳ ಮೂಲಕ ಮುಂದಿನವರೊಡನೆ ಮಾತಾಡಿಕೊಂಡು ಕೆಲಸ ಮಾಡಿದ್ದಾರೆ. ವಾಕಿಟಾಕಿ ಸತ್ತರೂ ಬ್ಯಾಂಕರಿನಲ್ಲಿ ಕೂತವರಿಗೆ ತಾವು ಏರಿನಲ್ಲಿದ್ದೇವೋ ಇಳಿಜಾರಿನಲ್ಲೋ ಗೊತ್ತಿರುತ್ತದೆ. ಆ ಜಾಗಕ್ಕೆ ರೇಡಿಯೊ ಪೆಟ್ಟಿಗೆ ಬರುವುದಾದರೆ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ. ಸಂಪರ್ಕ ಕಡಿದದ್ದು ಎಷ್ಟು ಸೆಕೆಂಡಿನಲ್ಲಿ ಪೈಲಟ್‌ಗೆ ತಿಳಿಯುತ್ತದೆ? ನಿಂತ ಗಾಡಿಯನ್ನು ಹಿಡಿದಿರುವ ಬ್ರೇಕಿಗೆ ಗಡುವು ಇದೆಯೇ? ಇದ್ದರೆ ಅದು ಮುಗಿಯುವ ಮೊದಲು ಮೂರು ಕಿಲೋಮೀಟರ್ ನಡೆದು ಹ್ಯಾಂಡ್ ಬ್ರೇಕ್ ಹಾಕುವವರು ಯಾರು, ಎಷ್ಟು ಜನ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದೆ ಸಿಬ್ಬಂದಿ ಕಡಿಮೆ ಮಾಡಿದ ಲೆಕ್ಕವನ್ನು ಉಳಿತಾಯ ಎನ್ನಲಾಗದು.

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಮದುವೆ ಮಾತುಕತೆಗೆ ಸರಿಹೋದೀತು, ರೈಲಿಗಲ್ಲ. ಹಿಡಿತ ತಪ್ಪಿದ ಗಾಡಿಯನ್ನು ಬದಿಗೆ ಹೊರಳಿಸಿ ನಿಲ್ಲಿಸಲು ಘಾಟಿನಲ್ಲಿರುವ ಕ್ಯಾಚ್ ಸೈಡಿಂಗ್‌ಗಳ ನಿಯಮದಲ್ಲಿ ಈ ತಿಳಿವಳಿಕೆ ಹಿಂದಿನಿಂದಲೂ ಇದೆ. ಅಲ್ಲಿ ಹಳಿ ಬದಲಿಸುವ ಪಾಯಿಂಟ್ ಮಾಮೂಲಾಗಿ ಸೈಡಿಂಗ್‌ನ ಕಡೆಗೇ ತಿರುಗಿರುತ್ತದೆ. ಇಳಿದು ಬರುವ ಗಾಡಿ ನಿಂತು, ತಾನು ಹಿಡಿತದಲ್ಲಿದ್ದೇನೆ ಎಂದು ತೋರಿಸಿಕೊಟ್ಟ ಮೇಲೆಯೇ ಮುಖ್ಯ ಹಳಿ ಸಿಗುತ್ತದೆ. ರೇಡಿಯೊ ಎಂಜಿನ್‌ಗಳಿಗೂ ಇದೇ ಶರತ್ತು ಇರಲಿ: ಇಳಿಜಾರಿಗೆ ಇಳಿಯುವ ಮುನ್ನ ಸಂಪರ್ಕ ಕೂಡಿದೆ, ಬಾಲದವರೆಗೂ ಗಾಳಿ ಇದೆ ಎಂದು ಸಾಬೀತಾಗಲಿ, ಆಗದಿದ್ದರೆ ಗಾಡಿ ನೆತ್ತಿಯ ಮೇಲೆಯೇ ನಿಲ್ಲಲಿ. ವೇಳಾಪಟ್ಟಿ ತಪ್ಪುತ್ತದೆ ಎಂಬ ಆಕ್ಷೇಪ ಬರುತ್ತದೆ. ತಪ್ಪಲಿ. ಆ ವಿಳಂಬದ ವೆಚ್ಚವನ್ನು ಯೋಜನೆಯ ಮೊದಲ ಅಂದಾಜಿನಲ್ಲೇ ಬರೆದಿಡುವುದು ಎಂಜಿನಿಯರರ ಹೊಣೆ, ಅದನ್ನು ಹೊಡೆದುಹಾಕದಿರುವುದು ಆಡಳಿತದ ಹೊಣೆ.