ಪತ್ರಕರ್ತರ ದಾರಿ ತಿದ್ದಿದ ವರದಿಗಳು: ರೈತರಿಗೆ ಅದರಲ್ಲೇನು ಪಾಠ?

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣದ ಪಾಠ)



ಕೃಷಿ ಸುದ್ದಿ ಇಂದು ಹಲವು ದಾರಿಗಳಿಂದ ರೈತನ ಮನೆ ತಲುಪುತ್ತದೆ. ಆಕಾಶವಾಣಿ, ದೂರದರ್ಶನ, ದಿನಪತ್ರಿಕೆಯ ಪುರವಣಿ, ಇವುಗಳ ಜೊತೆಗೆ ಮೊಬೈಲ್ ಫೋನೂ ಸೇರಿದೆ. ಸುದ್ದಿ ಹೆಚ್ಚಿದಷ್ಟೂ ಅದನ್ನು ಅಳೆದು ನೋಡುವ ಜಾಣ್ಮೆಯೂ ಹೆಚ್ಚಬೇಕು. ಆ ಜಾಣ್ಮೆಯನ್ನು ಕಲಿಯಲು ಒಳ್ಳೆಯ ಪತ್ರಕರ್ತರ ಕೆಲಸವನ್ನೇ ನೋಡುವುದು ಸೂಕ್ತ. ದೀರ್ಘಕಾಲ ದುಡಿದ ಪತ್ರಕರ್ತರ ಬದುಕನ್ನು ಪರಿಶೀಲಿಸಿದರೆ, ಸಾವಿರಾರು ವರದಿಗಳ ನಡುವೆ ಒಂದೆರಡು ಮಾತ್ರ ಅವರ ದಾರಿಯನ್ನೇ ತಿದ್ದಿರುತ್ತವೆ. ಬೇಸಾಯಕ್ಕೆ ಸಂಬಂಧಪಟ್ಟ ಅಂಥ ಮೂರು ಪ್ರಸಂಗಗಳನ್ನು ಇಲ್ಲಿ ವಿವೇಚಿಸಲಾಗಿದೆ.

ಬಂಗಾಳದ ಕ್ಷಾಮ, 1943

1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮೇದಿನಿಪುರದ ಕಡೆ ಚಂಡಮಾರುತ ಬಡಿಯಿತು. ಭತ್ತದ ಪೈರಿಗೆ ಕಂದು ಚುಕ್ಕೆ ರೋಗ ವ್ಯಾಪಕವಾಗಿ ತಗುಲಿತು. ಯುದ್ಧಕಾಲದ ಬೆಲೆಯೇರಿಕೆ, ಸರ್ಕಾರದ ಅಲಕ್ಷ್ಯ ಇವೂ ಸೇರಿ, ಭೂಹೀನ ಕೂಲಿಗಳೂ ಬೆಸ್ತರೂ ಅಕ್ಕಿ ಕೊಳ್ಳಲಾರದೆ ಹೋದರು. ಹಳ್ಳಿಯ ಜನ ಕಲ್ಕತ್ತೆಯ ಬೀದಿಗಳಿಗೆ ಬಂದು ಬಿದ್ದು ಸತ್ತರು. ಆದರೂ ಸರ್ಕಾರ ಕ್ಷಾಮವೆಂದು ಘೋಷಿಸಲಿಲ್ಲ.

ಆಗ ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆ ಬ್ರಿಟಿಷರ ಒಡೆತನದಲ್ಲಿತ್ತು. ಅದರ ಸಂಪಾದಕ ಇಯಾನ್ ಸ್ಟೀಫನ್ಸ್ ಸಹ ಆಂಗ್ಲರೇ. ಯುದ್ಧಕಾಲದ ನಿರ್ಬಂಧಗಳ ನಡುವೆಯೂ ಅವರು 1943ರ ಆಗಸ್ಟ್ 22ರಂದು ಬೀದಿಯಲ್ಲಿ ಬಿದ್ದಿದ್ದ ಹಸಿದವರ ಛಾಯಾಚಿತ್ರಗಳನ್ನು ಅಚ್ಚು ಹಾಕಿದರು. ಕ್ಷಾಮವಿಲ್ಲವೆಂಬ ಮಾತಿಗೆ ಆ ಚಿತ್ರಗಳೇ ಉತ್ತರವಾದವು. ಸುದ್ದಿ ದೇಶವಿದೇಶಗಳಿಗೆ ಮುಟ್ಟಿ, ಪರಿಹಾರ ಕಾರ್ಯ ಚುರುಕುಗೊಂಡಿತು. ಅಷ್ಟರಲ್ಲಿ ಬಹಳ ತಡವಾಗಿತ್ತು. 1945ರ ವಿಚಾರಣಾ ಆಯೋಗ ಸತ್ತವರು ಸುಮಾರು 15 ಲಕ್ಷವೆಂದು ಅಂದಾಜು ಮಾಡಿತು. ಅನಂತರದ ಹಲವು ವಿದ್ವಾಂಸರು ಸುಮಾರು 30 ಲಕ್ಷವೆನ್ನುತ್ತಾರೆ. ಸ್ಟೀಫನ್ಸ್ 1966ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳ ಪುಸ್ತಕದಲ್ಲಿ ಈ ಪ್ರಸಂಗವನ್ನು ವಿವರವಾಗಿ ಬರೆದಿದ್ದಾರೆ. ಅವರ ಹೆಸರು ಇಂದಿಗೂ ಉಳಿದಿರುವುದು ಮುಖ್ಯವಾಗಿ ಆ ಚಿತ್ರಗಳಿಂದ.

ಗೇರು ತೋಟದ ಮೇಲಿನ ಹೆಲಿಕಾಪ್ಟರ್

ಎರಡನೆಯ ಪ್ರಸಂಗ ಕನ್ನಡಿಗರಿಗೆ ಹತ್ತಿರದ್ದು. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ, ವಾಣಿನಗರ ಸುತ್ತಿನ ಗುಡ್ಡಗಳಲ್ಲಿ ಸರ್ಕಾರಿ ನಿಗಮದ ಗೇರು ತೋಟಗಳಿವೆ. ಗೇರಿನ ಚಿಗುರು, ಹೂ ಮತ್ತು ಎಳೆಕಾಯಿಗಳ ರಸ ಹೀರುವ ಟೀ ಸೊಳ್ಳೆಯ ಹತೋಟಿಗಾಗಿ 1970ರ ದಶಕದ ಉತ್ತರಾರ್ಧದಿಂದ ಹೆಲಿಕಾಪ್ಟರಿನ ಮೂಲಕ ಎಂಡೋಸಲ್ಫಾನ್ ಸಿಂಪಡಣೆ ನಡೆಯಿತು. ಗುಡ್ಡದ ತುದಿಯಲ್ಲಿ ತೋಟ, ಕಣಿವೆಯಲ್ಲಿ ಮನೆ, ಅಡಿಕೆ ತೋಟ, ತೋಡು, ತೆರೆದ ಬಾವಿ. ಗಾಳಿಗೆ ತೇಲಿದ ಔಷಧಿಯೂ ಮಳೆಗೆ ತೊಳೆದು ಬಂದ ಔಷಧಿಯೂ ಇಳಿದು ಸೇರುವುದು ಕಣಿವೆಗೇ ಎಂಬುದನ್ನು ಯಾವ ರೈತನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಶ್ರೀಪಡ್ರೆಯವರು ಅಲ್ಲಿಯ ಅಡಿಕೆ ಕೃಷಿಕರು. 1979ರ ಸುಮಾರಿಗೆ ಆ ಊರಿನಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದುದು ಅವರ ಗಮನಕ್ಕೆ ಬಂತು. ಇದಕ್ಕೂ ಸಿಂಪಡಣೆಗೂ ಸಂಬಂಧವಿರಬಹುದೇ ಎಂಬ ಪ್ರಶ್ನೆಯನ್ನು ಅವರು 1981ರಲ್ಲಿ ಇಂಗ್ಲಿಷ್ ವಾರಪತ್ರಿಕೆಯೊಂದರ ಲೇಖನದಲ್ಲಿ ಎತ್ತಿದರು. ಲೇಖನ ಬಂತು, ಸಿಂಪಡಣೆ ನಿಲ್ಲಲಿಲ್ಲ. ಮುಂದೆ ಸುಮಾರು 20 ವರ್ಷ ನಡೆಯಿತು.

ಆ ಅವಧಿಯಲ್ಲಿ ಕೆಲಸ ಮಾಡಿದವರು ಅವರೊಬ್ಬರೇ ಅಲ್ಲ. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕೆಲವು ಕಾಯಿಲೆಗಳು ಅತಿಯಾಗಿರುವುದನ್ನು ಗುರುತಿಸಿದರು. ಕೃಷಿ ಇಲಾಖೆಯ ನೌಕರೆಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2000ದ ಕೊನೆಯ ವೇಳೆಗೆ ವೈಮಾನಿಕ ಸಿಂಪಡಣೆ ನಿಂತಿತು. ಅನಂತರ ನಡೆದ ಪರೀಕ್ಷೆಗಳ ಫಲಿತಾಂಶ ಎಲ್ಲವೂ ಒಂದೇ ಆಗಿರಲಿಲ್ಲ. ರೋಗಗಳಿಗೂ ಔಷಧಿಗೂ ಇರುವ ಸಂಬಂಧದ ಬಗ್ಗೆ ವಿಜ್ಞಾನಿಗಳಲ್ಲಿ ದೀರ್ಘ ಚರ್ಚೆ ನಡೆಯಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಮರುತಿಂಗಳು ನಮ್ಮ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶವಾಯಿತು.

ಮೊದಲ ಪ್ರಶ್ನೆ ಎದ್ದದ್ದು ಪ್ರಯೋಗಾಲಯದಲ್ಲಲ್ಲ, ಒಂದು ಕೊಟ್ಟಿಗೆಯಲ್ಲಿ. ಪ್ರಶ್ನೆಗೆ ಉತ್ತರ ಹುಡುಕುವುದು ವಿಜ್ಞಾನಿಯ ಕೆಲಸವಾದರೂ, ಪ್ರಶ್ನೆ ವಿಜ್ಞಾನಿಯನ್ನು ತಲುಪದಿದ್ದರೆ ಉತ್ತರ ಬರುವುದಾದರೂ ಹೇಗೆ? ಈ ಅಂತರವನ್ನು ತುಂಬುವ ಕೆಲಸವೇ ಶ್ರೀಪಡ್ರೆಯವರ ವೃತ್ತಿಯಾಯಿತು. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯ ಮೂಲಕ ಅವರೂ ಅವರ ಜೊತೆಗಾರರೂ ಕೃಷಿಕರ ಕೈಗೇ ಲೇಖನಿ ಕೊಡುವ ಧ್ಯೇಯ ಇಟ್ಟುಕೊಂಡರು. ಕೃಷಿಕನ ಅನುಭವವನ್ನು ಅವನ ವಿಳಾಸ ಸಹಿತ ಪ್ರಕಟಿಸಿ, ಓದುಗನು ನೇರವಾಗಿ ವಿಚಾರಿಸಿ ತಿಳಿಯಲು ಅನುವು ಮಾಡಿದರು. ಮುಂದೆ ಮಳೆನೀರು ಇಂಗಿಸುವ ವಿಧಾನಗಳು ಮತ್ತು ಹಲಸಿನ ಮೌಲ್ಯವರ್ಧನೆಯ ಕುರಿತು ಶ್ರೀಪಡ್ರೆಯವರು ಬರೆದ ಬರಹಗಳೂ ಇದೇ ಮಾದರಿಯವು.

ಎಂಟು ಕರುಗಳ ಕಥೆ

ಮೂರನೆಯವರು ಪಿ. ಸಾಯಿನಾಥ್. ಮುಂಬಯಿಯ 'ಬ್ಲಿಟ್ಸ್' ವಾರಪತ್ರಿಕೆಯಲ್ಲಿ ಉಪಸಂಪಾದಕ ಹುದ್ದೆಯಲ್ಲಿದ್ದ ಅವರು 1993ರಲ್ಲಿ 'ಟೈಮ್ಸ್ ಆಫ್ ಇಂಡಿಯಾ' ಫೆಲೋಶಿಪ್ ಪಡೆದು, ದೇಶದ ಅತಿ ಬಡ ಜಿಲ್ಲೆಗಳನ್ನು ಸುತ್ತಲು ಹೊರಟರು. ಬಸ್ಸು ಹೋಗದ ಕಡೆ ಕಾಲ್ನಡಿಗೆಯಲ್ಲಿ ತಿರುಗಿದರು. ಆ ಓಡಾಟದಿಂದ 84 ವರದಿಗಳು ಬಂದವು. 1996ರಲ್ಲಿ ಅವು ಪುಸ್ತಕರೂಪ ತಳೆದವು. ಅಲ್ಲಿಂದ ಮುಂದೆ ಅವರು ಹಳ್ಳಿಯನ್ನು ಬಿಟ್ಟು ಬೇರೆಡೆಗೆ ಹೋಗಲಿಲ್ಲ. 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2014ರಲ್ಲಿ ಗ್ರಾಮೀಣ ಭಾರತದ ಬದುಕನ್ನು ದಾಖಲಿಸುವ 'ಪರಿ' ಜಾಲತಾಣವನ್ನು ಅವರು ಆರಂಭಿಸಿದರು. ಅದರ ಬರಹಗಳು ಕನ್ನಡದಲ್ಲಿಯೂ ದೊರೆಯುತ್ತವೆ.

ಆ ಪುಸ್ತಕದ ಒಂದು ವರದಿಯನ್ನು ಪ್ರತಿಯೊಬ್ಬ ವಿಸ್ತರಣಾ ಕಾರ್ಯಕರ್ತನೂ ಓದಬೇಕು. ಒಡಿಶಾದ ನುವಾಪಾಡಾ ಪ್ರದೇಶದ ಕೋಮ್ನಾದಲ್ಲಿ ಹಾಲಿನ ಹೊಳೆ ಹರಿಸುವ ಯೋಜನೆಯೊಂದು ಬಂದಿತ್ತು. ಬಡವರಿಗೆ ಹಸು ಕೊಟ್ಟರು; ಮೇವಿಗಾಗಿ ಸುಬಾಬುಲ್ ಬೆಳೆಯಲು ನೆಲ ಕೊಟ್ಟರು; ಜೆರ್ಸಿ ತಳಿಯ ವೀರ್ಯದಿಂದ ಕೃತಕ ಗರ್ಭಧಾರಣೆಗೆ ಏರ್ಪಾಡಾಯಿತು. ತಳಿ ಬೆರಕೆಯಾಗಬಾರದೆಂದು ಆ ಸೀಮೆಯ ಖರಿಯಾರ್ ಹೋರಿಗಳಿಗೆ ಬೀಜ ಒಡೆಸಿದರು. ಸುಮಾರು 2 ಕೋಟಿ ರೂಪಾಯಿ ಖರ್ಚಾದ ಮೇಲೆ ದೊರೆತದ್ದು ಎಂಟು ಮಿಶ್ರತಳಿ ಕರುಗಳು. ಹಾಲು ಹೆಚ್ಚಲಿಲ್ಲ, ಸುಬಾಬುಲ್ ಉಳಿಯಲಿಲ್ಲ, ಆ ಭಾಗದಲ್ಲಿ ಖರಿಯಾರ್ ಹೋರಿಯೇ ಇಲ್ಲದಂತಾಯಿತು.

ಈ ಯೋಜನೆ ಮಾಡಿದವರಲ್ಲಿ ದುರುದ್ದೇಶವಿತ್ತೆಂದು ಹೇಳಬೇಕಾಗಿಲ್ಲ. ಜೆರ್ಸಿ ಒಳ್ಳೆಯ ತಳಿ, ಸುಬಾಬುಲ್ ಉಪಯುಕ್ತ ಮೇವು. ಆದರೆ ಆ ನೆಲದ ಬಿಸಿಲು, ನೀರು, ಮೇವು ಇವುಗಳಿಗೆ ಒಗ್ಗಿದ್ದ ತಳಿ ಯಾವುದು, ಅದನ್ನು ಕಳೆದುಕೊಂಡರೆ ಮರಳಿ ತರುವುದು ಹೇಗೆ ಎಂಬ ಪ್ರಶ್ನೆಯನ್ನು ಅಲ್ಲಿಯ ರೈತರ ಮುಂದೆ ಇಟ್ಟು ಉತ್ತರ ಪಡೆಯಲಿಲ್ಲ. ಸಾಯಿನಾಥ್ ಮಾಡಿದ್ದು ಇಷ್ಟೇ: ಯೋಜನೆ ಮುಗಿದ ಮೇಲೆ ಅಲ್ಲಿಗೆ ಹೋಗಿ, ಉಳಿದದ್ದೇನೆಂದು ಲೆಕ್ಕ ಹಾಕಿದರು. ಉದ್ಘಾಟನೆಗೆ ಹೋಗುವ ವರದಿಗಾರರು ಬಹಳ. ವರ್ಷಗಳ ನಂತರ ಹೋಗುವವರು ವಿರಳ.

ಅಳವಡಿಸಿಕೊಳ್ಳಬೇಕಾದ ಅಂಶಗಳು

ಈ ಮೂವರಲ್ಲಿ ಸಮಾನವಾದ ಗುಣಗಳು ಮೂರು: ಕಣ್ಣಾರೆ ಕಂಡದ್ದಕ್ಕೆ ಬೆಲೆ ಕೊಟ್ಟರು, ಕಂಡದ್ದನ್ನು ದಾಖಲಿಸಿದರು, ಹಿಡಿದ ಪ್ರಶ್ನೆಯನ್ನು ಬಿಡಲಿಲ್ಲ. ರೈತರೂ ಕಾರ್ಯಕರ್ತರೂ ಇವುಗಳನ್ನು ಹೀಗೆ ಬಳಸಬಹುದು.

1. ಬೆಳೆಯಲ್ಲಾಗಲಿ ಜಾನುವಾರಿನಲ್ಲಾಗಲಿ ಅಸಹಜವಾದುದು ಕಂಡರೆ ದಿನಾಂಕ, ಜಾಗ, ಸಂಖ್ಯೆ, ಅದಕ್ಕೆ ಮುಂಚೆ ಹಾಕಿದ ಗೊಬ್ಬರ, ಸಿಂಪಡಿಸಿದ ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಪುಸ್ತಕದಲ್ಲಿ ಬರೆದಿಡಿ. ಔಷಧಿಯ ರಸೀದಿಯನ್ನೂ ಡಬ್ಬಿಯ ಮೇಲಿನ ಚೀಟಿಯನ್ನೂ ಜೋಪಾನ ಮಾಡಿ.

2. ವರದಿಗಾರರೊಡನೆ ಮಾತನಾಡುವಾಗ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಹೇಳಿ. ಕಾಲು ಸೊಟ್ಟಗಾದ ಕರು ಹುಟ್ಟಿತು ಎಂಬುದು ಕಂಡದ್ದು. ಅದಕ್ಕೆ ಇಂಥದ್ದೇ ಕಾರಣ ಎಂಬುದು ಪರೀಕ್ಷೆಯಿಂದ ಸ್ಥಿರಪಡಬೇಕಾದದ್ದು.

3. ಎಕರೆಗೆ ಲಕ್ಷಗಟ್ಟಲೆ ಆದಾಯವೆಂಬ ಯಶೋಗಾಥೆ ಓದಿದಾಗ ಕೂಡಲೇ ಸಸಿ ತರಲು ಹೊರಡಬೇಡಿ. ಮಣ್ಣು ಯಾವುದು, ನೀರೆಷ್ಟು, ಎಷ್ಟು ವರ್ಷದ ಇಳುವರಿ, ಖರ್ಚು ಕಳೆದಿದ್ದಾರೆಯೇ, ಕೊಳ್ಳುವವರು ಯಾರು ಎಂಬುದನ್ನು ವಿಚಾರಿಸಿ. ಸಾಧ್ಯವಾದರೆ ಆ ರೈತನ ತೋಟಕ್ಕೇ ಹೋಗಿ ನೋಡಿ ಬನ್ನಿ.

4. ವಿಸ್ತರಣಾ ಕಾರ್ಯಕರ್ತರು ಹೊಸ ತಳಿ, ಹೊಸ ಪದ್ಧತಿ ಕೊಟ್ಟ ಊರಿಗೆ ಮೂರು ವರ್ಷದ ಮೇಲೆ ಮತ್ತೊಮ್ಮೆ ಹೋಗಬೇಕು. ಉಳಿದಿದ್ದರೆ ಏಕೆ ಉಳಿಯಿತು, ಬಿಟ್ಟಿದ್ದರೆ ಏಕೆ ಬಿಟ್ಟರು ಎಂಬುದನ್ನು ಬರೆದು ಸಂಶೋಧನಾ ಕೇಂದ್ರಕ್ಕೆ ತಲುಪಿಸಬೇಕು.

5. ಹೊಸದು ನೆಲೆಯೂರುವವರೆಗೆ ಹಳೆಯ ಬೀಜವನ್ನೂ ನಾಟಿ ತಳಿಯನ್ನೂ ಸ್ವಲ್ಪವಾದರೂ ಉಳಿಸಿಕೊಳ್ಳಿ.

ಬಂಗಾಳದಲ್ಲಿ ಸುದ್ದಿ ತಡವಾದುದರ ಬೆಲೆಯನ್ನು ಲಕ್ಷಾಂತರ ಜನ ಪ್ರಾಣದಿಂದ ತೆತ್ತರು. ಪಡ್ರೆಯಲ್ಲಿ ಸುದ್ದಿ ಬೇಗ ಬಂದರೂ ಕೇಳುವವರು ತಡ ಮಾಡಿದರು. ಆದ್ದರಿಂದ ಹೊಲದಲ್ಲಿ ಕಂಡದ್ದನ್ನು ಹೇಳುವುದು ರೈತನ ಕರ್ತವ್ಯವಾದಂತೆ, ಅದನ್ನು ಕಿವಿಗೊಟ್ಟು ಕೇಳಿ ಪರೀಕ್ಷೆಗೆ ಕಳಿಸುವುದು ಕಾರ್ಯಕರ್ತರ, ವಿಜ್ಞಾನಿಗಳ ಕರ್ತವ್ಯ. ಶಿಬಿರ ಮುಗಿಸಿ ಊರಿಗೆ ಮರಳಿದ ಮೇಲೆ ಪ್ರತಿಯೊಬ್ಬರೂ ಒಂದು ನೋಟ್ ಪುಸ್ತಕ ಕೊಂಡು, ಈ ಹಂಗಾಮಿನಿಂದಲೇ ಬರೆಯಲು ಆರಂಭಿಸಲಿ.